ಜೆರ್ರಿ ರೈಸ್: ವೈಡ್ ರಿಸೀವರ್ ಒಬ್ಬರ ವೃತ್ತಿಬದುಕನ್ನು ಓದುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ನೋಡೋಕೆ ಹೊಸದಾಗಿ ಶುರು ಮಾಡಿದವರಿಗೆ ವೈಡ್ ರಿಸೀವರ್ ಅಂದರೆ ಓಡಿಹೋಗಿ ಬಾಲ್ ಹಿಡಿಯುವವನು, ಅಷ್ಟೇ. ಟಿವಿಯಲ್ಲಿ ಕಾಣುವುದೂ ಅಷ್ಟೇ. ಕ್ಯಾಮೆರಾ ಬಾಲ್ ಹಿಂದೆಯೇ ಹೋಗುತ್ತದೆ, ಬಾಲ್ ಕೈಗೆ ಬೀಳುವ ಹೊತ್ತಿಗೆ ಮಾತ್ರ ಈ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಅವನ ಕೆಲಸದ ಮುಕ್ಕಾಲು ಪಾಲು ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ 49ers ತಂಡದ ವೈಡ್ ರಿಸೀವರ್ ಆಗಿದ್ದ ಜೆರ್ರಿ ರೈಸ್ ಅವರ ಆಟದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಆಟದ ಲೆಕ್ಕ, ಬೇಗ ಮುಗಿಸೋಣ. 10 ಗಜ ಮುಂದೆ ಹೋಗಲು ಒಂದು ತಂಡಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ದಾಟಿದರೆ ಮತ್ತೆ ಹೊಸದಾಗಿ ನಾಲ್ಕು. ಬಾಲ್ ಹಿಡಿದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್. ಎಸೆಯುವವನು ಕ್ವಾರ್ಟರ್‌ಬ್ಯಾಕ್. ರಿಸೀವರ್ ಮೈದಾನದ ಅಂಚಿನ ಕಡೆ ನಿಂತು, ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡುತ್ತಾನೆ. ಆ ದಾರಿಯೇ ರೂಟ್. ಅವನನ್ನು ಕಾಯುವವನು ಕಾರ್ನರ್‌ಬ್ಯಾಕ್.

ಈಗ ಒಂದೇ ಒಂದು ರೂಟ್ ನೋಡೋಣ, ಸ್ಲ್ಯಾಂಟ್. ಮೂರು ಹೆಜ್ಜೆ ನೇರ ಮುಂದಕ್ಕೆ, ಆಮೇಲೆ ಹೊರಗಿನ ಕಾಲನ್ನು ಊರಿ, ಥಟ್ಟನೆ ಮೈದಾನದ ನಡುವಿನ ಕಡೆಗೆ ಓರೆಯಾಗಿ ನುಗ್ಗುವುದು. ಕಾಗದದ ಮೇಲೆ ಸುಲಭ. ಆದರೆ ರಿಸೀವರ್ ತಿರುಗಿ ನೋಡುವ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಕೈಯಿಂದ ಬಾಲ್ ಹೊರಟಾಗಿರುತ್ತದೆ, ಅವನು ಇನ್ನೂ ಖಾಲಿ ಇರುವ ಜಾಗಕ್ಕೆ ಎಸೆದಿರುತ್ತಾನೆ, ರಿಸೀವರ್ ಆ ಕ್ಷಣಕ್ಕೆ ಸರಿಯಾಗಿ ಅಲ್ಲಿ ಇರಲೇಬೇಕು. ಅರ್ಧ ಹೆಜ್ಜೆ ಹೆಚ್ಚುಕಮ್ಮಿ ಆದರೆ ಬಾಲ್ ಎದುರಾಳಿ ಪಾಲು. ಸ್ಯಾನ್ ಫ್ರಾನ್ಸಿಸ್ಕೊ 49ers ತಂಡದ ಕೋಚ್ ಬಿಲ್ ವಾಲ್ಷ್ ತಮ್ಮ ಆಟವನ್ನೆಲ್ಲ ಕಟ್ಟಿದ್ದು ಇಂಥ ಚಿಕ್ಕ, ಕ್ಷಣಕ್ಕೆ ಸರಿಯಾಗಿ ಹೋಗುವ ಪಾಸ್‌ಗಳ ಮೇಲೆ. ಹಿಡಿದ ಮೇಲೆ ಓಡಿ ಗಳಿಸುವ ಗಜಗಳೇ ಲಾಭ.

ಈ ವ್ಯವಸ್ಥೆಗೆ ರೈಸ್ ಬಂದದ್ದು 1985ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, 16ನೇ ಆಯ್ಕೆಯಾಗಿ. ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಸಣ್ಣ ಊರಿನ ಗಾರೆ ಕೆಲಸದವರ ಮಗ. ಅಪ್ಪನ ಜೊತೆ ಕೆಲಸಕ್ಕೆ ಹೋದಾಗ ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆ ಹಿಡಿದೇ ತಮ್ಮ ಕೈ ಪಳಗಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಓದಿದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್‌ನಲ್ಲಿ, ದೊಡ್ಡ ಹೆಸರಿನ ಕಾಲೇಜೇನಲ್ಲ. ಅಲ್ಲಿ ಕೋಚ್ ಆರ್ಚಿ ಕೂಲಿ ಬಿಡುವು ಕೊಡದೆ ಪಾಸ್ ಮೇಲೆ ಪಾಸ್ ಆಡಿಸುತ್ತಿದ್ದರು, 1984ರಲ್ಲಿ ರೈಸ್ ಹಿಡಿದ ಟಚ್‌ಡೌನ್ 27. ಆದರೂ ಅನುಮಾನ ಹೋಗಲಿಲ್ಲ. ಸಣ್ಣ ಕಾಲೇಜು, ಓಟದ ವೇಗವೂ ಸಾಧಾರಣ ಅನ್ನೋ ಮಾತು. ಆ ವರ್ಷ ಅವರಿಗಿಂತ ಮುಂಚೆ ಇಬ್ಬರು ರಿಸೀವರ್‌ಗಳು ಆಯ್ಕೆಯಾದರು: ಜೆಟ್ಸ್‌ಗೆ ಆಲ್ ಟೂನ್, ಬೆಂಗಲ್ಸ್‌ಗೆ ಎಡ್ಡಿ ಬ್ರೌನ್. ಎಡ್ಡಿ ಬ್ರೌನ್ ಹೆಸರು ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ಬಾಲ್ ಕೈಜಾರಿದ್ದೇ ಸುದ್ದಿ. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 10 ಕ್ಯಾಚ್, 241 ಗಜ ಬಂದ ಮೇಲೆ ಬಾಯಿಗಳು ಮುಚ್ಚಿದವು.

ವೇಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ರೂಟ್‌ಗಳ ಮೊದಲ ಹೆಜ್ಜೆಗಳು ಒಂದೇ ಥರ ಕಂಡರೆ, ಇವನು ಒಳಗೆ ತಿರುಗುತ್ತಾನೋ ನೇರ ಹೋಗುತ್ತಾನೋ ಅಂತ ಕಾಯುವವನಿಗೆ ಗೊತ್ತಾಗುವುದೇ ಇಲ್ಲ. ಅವನು ಯೋಚಿಸುವ ಆ ಒಂದು ಚಣವೇ ರಿಸೀವರ್‌ಗೆ ಸಾಕು. ರೈಸ್ ಗೆದ್ದದ್ದು ಅಲ್ಲಿ. ಅಭ್ಯಾಸದಲ್ಲಿ ಸುಮ್ನೆ 5 ಗಜದ ಪಾಸ್ ಹಿಡಿದರೂ ಕೊನೆಯ ಗೆರೆವರೆಗೆ ಓಡುತ್ತಿದ್ದರು, ರಜೆಯಲ್ಲಿ ಸ್ಯಾನ್ ಕಾರ್ಲೋಸ್ ಹತ್ತಿರದ ಗುಡ್ಡ ಹತ್ತುತ್ತಿದ್ದರು.

1989ರ ಜನವರಿ, ಮಯಾಮಿ, ಸೂಪರ್ ಬೌಲ್, ಅಂದರೆ ಋತುವಿನ ಫೈನಲ್. ಎದುರಾಳಿ ಬೆಂಗಲ್ಸ್, ಅಂದರೆ ಎಡ್ಡಿ ಬ್ರೌನ್ ಇರುವ ತಂಡ. ಬೆಂಗಲ್ಸ್ 16-13 ಮುಂದೆ, ಉಳಿದದ್ದು ಮೂರು ನಿಮಿಷ ಚಿಲ್ಲರೆ, ಬಾಲ್ 49ers ಕೈಯಲ್ಲಿ, ಗೆರೆ 92 ಗಜ ದೂರ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಒಂದೊಂದೇ ಪಾಸ್ ಹಾಕುತ್ತಾ ಬಂದರು. ನಡುವೆ ಒಂದು ತಪ್ಪಿಗೆ ಪೆನಾಲ್ಟಿ ಬಿದ್ದು, ಹಿಂದೆ ಸರಿಯಬೇಕಾಗಿ ಎರಡನೇ ಡೌನ್‌ಗೆ 20 ಗಜ ಬೇಕಾಯಿತು. ಆಗ ರೈಸ್ ಮೈದಾನದ ನಡುವೆ ಬಾಲ್ ಹಿಡಿದು, ಹಿಡಿದ ಮೇಲೂ ಓಡಿ 27 ಗಜ ತಂದರು. ಗೆಲುವಿನ ಟಚ್‌ಡೌನ್ ಹಿಡಿದದ್ದು ಜಾನ್ ಟೇಲರ್, 34 ಸೆಕೆಂಡ್ ಉಳಿದಿದ್ದಾಗ. ಆದರೆ 11 ಕ್ಯಾಚ್, 215 ಗಜ ಗಳಿಸಿದ ರೈಸ್‌ಗೆ ಪಂದ್ಯಶ್ರೇಷ್ಠ ಪ್ರಶಸ್ತಿ. ಈ ಕೊನೆಯ ಓಟವನ್ನು ವಿಡಿಯೋದಲ್ಲಿ ನೋಡುವಾಗ ಬಾಲ್ ಬಿಟ್ಟು ರೈಸ್ ಕಾಲನ್ನೇ ನೋಡಿ, ಅರ್ಥ ಜಾಸ್ತಿ ಆಗುತ್ತದೆ.

ಅಂಕಿಗಳನ್ನು ಓದುವಾಗ ಜೋಪಾನ. ಒಂದು ಋತುವಿನಲ್ಲಿ ಅತಿ ಹೆಚ್ಚು ಟಚ್‌ಡೌನ್ ಹಿಡಿದವರು ರ‍್ಯಾಂಡಿ ಮಾಸ್, 2007ರಲ್ಲಿ 23. ಹಳೆಯ ದಾಖಲೆ ರೈಸ್ ಅವರದು, 1987ರಲ್ಲಿ 22. ಒಂದೇ ಒಂದರ ವ್ಯತ್ಯಾಸ ಅಲ್ವಾ? ಆದರೆ 1987ರಲ್ಲಿ ಆಟಗಾರರ ಮುಷ್ಕರ ಇತ್ತು, ರೈಸ್ ಆಡಿದ್ದು 12 ಪಂದ್ಯ; ಮಾಸ್ ಆಡಿದ್ದು 16. ಇನ್ನೊಂದು ಕಡೆ, ರೈಸ್‌ಗೆ ಎಸೆದವರು ಮೊದಲು ಮೊಂಟಾನಾ, ಆಮೇಲೆ ಸ್ಟೀವ್ ಯಂಗ್, ಇಬ್ಬರೂ ಹಾಲ್ ಆಫ್ ಫೇಮ್ (ಈ ಆಟದ ಶ್ರೇಷ್ಠರ ಗೌರವ ಪಟ್ಟಿ) ಸೇರಿದವರು. ಆ ಭಾಗ್ಯ ಎಲ್ಲ ರಿಸೀವರ್‌ಗಳಿಗೂ ಸಿಗಲ್ಲ. ಹಾಗಂತ ಅದು ಪುಕ್ಕಟೆಯೂ ಅಲ್ಲ: ಯಂಗ್ ಎಡಗೈಯವರು, ಅವರ ಬಾಲ್ ಗಾಳಿಯಲ್ಲಿ ಉಲ್ಟಾ ತಿರುಗುತ್ತದೆ, ವರ್ಷಗಟ್ಟಲೆ ಒಂದು ಕಡೆಗೆ ಪಳಗಿದ ಕೈ ಹೊಸದಾಗಿ ಕಲಿಯಬೇಕು. ಕೈಗವಸಿಗೆ ಸ್ವಲ್ಪ ಅಂಟು ಹಚ್ಚುತ್ತಿದ್ದೆ ಅಂತ 2015ರಲ್ಲಿ ರೈಸ್ ಟಿವಿಯಲ್ಲಿ ಹೇಳಿದ್ದೂ ಉಂಟು. 1981ರಲ್ಲೇ ನಿಷೇಧವಾಗಿದ್ದ ವಸ್ತು ಅದು. ನನ್ನ ಲೆಕ್ಕದಲ್ಲಿ ಇದು ಚಿಕ್ಕ ಕಲೆ, ಆದರೆ ಟಿಪ್ಪಣಿಯಿಂದ ಬಿಡುವಷ್ಟು ಚಿಕ್ಕದಲ್ಲ.

1994ರ ಸೆಪ್ಟೆಂಬರ್‌ನಲ್ಲಿ ಜಿಮ್ ಬ್ರೌನ್ ಅವರ 126 ಟಚ್‌ಡೌನ್‌ಗಳ ದಾಖಲೆಯನ್ನು ರೈಸ್ ಮುರಿದರು. 1997ರಲ್ಲಿ ಮೊದಲ ಪಂದ್ಯದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅದಕ್ಕೂ ಹಿಂದೆ 12 ವರ್ಷ ಗಾಯದಿಂದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಡಿಸೆಂಬರ್‌ಗೇ ಅವಸರದಲ್ಲಿ ವಾಪಸ್ ಬಂದರು, ಟಚ್‌ಡೌನ್ ಹಿಡಿದರು, ಅದೇ ಕ್ಯಾಚ್‌ನಲ್ಲಿ ಮಂಡಿಚಿಪ್ಪು ಮುರಿದುಕೊಂಡರು. ಅಲ್ಲಿಗೆ ಮುಗಿಯಿತು ಅಂದುಕೊಂಡವರೇ ಹೆಚ್ಚು. 2001ರಲ್ಲಿ ಓಕ್ಲ್ಯಾಂಡ್ ರೇಡರ್ಸ್ ಸೇರಿ, 40 ತುಂಬಿದ 2002ರ ಋತುವಿನಲ್ಲಿ 92 ಕ್ಯಾಚ್, 1,211 ಗಜ ಗಳಿಸಿದರು.

ಒಟ್ಟು 1,549 ಕ್ಯಾಚ್, 22,895 ಗಜ. ಎರಡನೇ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್ ಗಳಿಸಿದ್ದು 17,492. ವರ್ಷಕ್ಕೆ 1,000 ಗಜ ದಾಟಿದ ರಿಸೀವರ್ ಅಂದರೆ ಒಳ್ಳೆಯವನು ಅನ್ನುತ್ತಾರೆ. ಫಿಟ್ಜೆರಾಲ್ಡ್ ಅಂಥ ಐದು ವರ್ಷ ಇನ್ನೂ ಆಡಿದ್ದರೂ 403 ಗಜ ಬಾಕಿ ಉಳಿಯುತ್ತಿತ್ತು.

ಸಿಯಾಟಲ್‌ನಲ್ಲಿ ಕೆಲವು ತಿಂಗಳು ಆಡಿ, 2005ರಲ್ಲಿ ಡೆನ್ವರ್‌ನ ಶಿಬಿರಕ್ಕೆ ಹೋಗಿ, ತಂಡದಲ್ಲಿ ಹಿಂದಿನ ಸಾಲೇ ಗತಿ ಅಂತ ಗೊತ್ತಾದಾಗ ನಿವೃತ್ತಿ ಹೇಳಿದರು. 2006ರಲ್ಲಿ 49ers ಅವರನ್ನು ಕರೆದು ಹೆಸರಿಗೊಂದು ಒಪ್ಪಂದ ಬರೆಸಿತು, ತಮ್ಮ ತಂಡದವರಾಗಿಯೇ ನಿವೃತ್ತಿಯಾಗಲಿ ಅಂತ. ಮೊತ್ತ 1,985,806.49 ಡಾಲರ್. 1985 ಬಂದ ವರ್ಷ, 80 ಅಂಗಿಯ ನಂಬರು, 06 ಆ ವರ್ಷ, 49 ತಂಡ. ದುಡ್ಡು ಒಂದು ಪೈಸೆಯೂ ಕೊಡಲಿಲ್ಲ.