ಸ್ವೀಡನ್ನಿನ ಫೆಬ್ರವರಿ 30: ಕ್ಯಾಲೆಂಡರ್ ಕಗ್ಗಂಟಿನ ಹಿನ್ನೆಲೆ

ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು ಎನ್ನುತ್ತವೆ ಇಂದಿನ ಪುಸ್ತಕಗಳು. ಆ ದಿನ ಸ್ವೀಡನ್ನಿನಲ್ಲಿ ತಾರೀಖು ಮೇ 13, ರಷ್ಯಾದಲ್ಲಿ ಮೇ 12. ಮೂರೂ ಸರಿಯೇ.

ಹಳೆಯ ಜೂಲಿಯನ್ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11 ನಿಮಿಷ ಹೆಚ್ಚಾಗುತ್ತಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಅದನ್ನು ತಿದ್ದಿದರು; ಇಂದು ನಾವು ಬಳಸುವ ಗ್ರೆಗೋರಿಯನ್ ಲೆಕ್ಕ ಅದೇ. ಪ್ರಾಟೆಸ್ಟೆಂಟ್ ನಾಡುಗಳಲ್ಲಿ ಹೆಚ್ಚಿನವು ನೂರು ವರ್ಷ ಕಿವಿಗೊಡಲಿಲ್ಲ. ಕೊನೆಗೆ 1700ರಲ್ಲಿ ಡೆನ್ಮಾರ್ಕ್ ಫೆಬ್ರವರಿ 18ರ ಮರುದಿನವೇ ಮಾರ್ಚ್ 1 ಎಂದು ಒಂದೇ ಏಟಿಗೆ ಕೆಲಸ ಮುಗಿಸಿತು.

ಸ್ವೀಡನ್ ನಿಧಾನದ ದಾರಿ ಹಿಡಿಯಿತು. 1700ರಿಂದ 1740ರವರೆಗೆ ಬರುವ 11 ಅಧಿಕ ದಿನಗಳನ್ನು ಬಿಟ್ಟುಬಿಟ್ಟರೆ ಯಾರಿಗೂ ಗೊತ್ತಾಗದಂತೆ ಹೊಸ ಲೆಕ್ಕಕ್ಕೆ ಸೇರಬಹುದು ಎಂಬ ಯೋಜನೆ. ಕಾಗದದ ಮೇಲೆ ಚೆಂದವೇ. ಆದರೆ ಆ ನಲವತ್ತು ವರ್ಷ ದೇಶದ ತಾರೀಖು ನೆರೆಯ ಯಾರೊಂದಿಗೂ ಹೊಂದುವುದಿಲ್ಲ, ಮೇಲಾಗಿ ನಾಲ್ಕು ವರ್ಷಕ್ಕೊಮ್ಮೆ ಯಾರಾದರೂ ನೆನಪಿಟ್ಟು ಒಂದು ದಿನ ಕಳೆಯಬೇಕು. 1700ರ ಫೆಬ್ರವರಿ 29 ಬಿಟ್ಟದ್ದಾಯಿತು. ಅದೇ ವರ್ಷ ರಷ್ಯಾ ಮೊದಲಾದ ನೆರೆಯ ದೇಶಗಳೊಂದಿಗೆ ಮಹಾ ಉತ್ತರ ಯುದ್ಧವೂ ಶುರುವಾಯಿತು, ಯೋಜನೆ ಬದಿಗೆ ಬಿತ್ತು. 1704ರಲ್ಲೂ 1708ರಲ್ಲೂ ಫೆಬ್ರವರಿ 29 ಎಂದಿನಂತೆ ಬಂದು ಹೋಯಿತು!

ಹೀಗೆ ಸ್ವೀಡನ್, ಅದರೊಳಗಿದ್ದ ಫಿನ್‌ಲ್ಯಾಂಡ್ ಕೂಡ, ಜೂಲಿಯನ್‌ಗಿಂತ ಒಂದು ದಿನ ಮುಂದೆ, ಗ್ರೆಗೋರಿಯನ್‌ಗಿಂತ ಹತ್ತು ದಿನ ಹಿಂದೆ ಸಿಕ್ಕಿಕೊಂಡವು. ಮುಂದೆ ಹೋಗುವ ಬದಲು ಹಿಂದಕ್ಕೇ, ಜೂಲಿಯನ್ ಲೆಕ್ಕಕ್ಕೇ, ಬರುವುದು ಎಂದಾಯಿತು. 1712 ಹೇಗೂ ಅಧಿಕ ವರ್ಷ. ಫೆಬ್ರವರಿ 29ರ ಜೊತೆಗೆ 30ನ್ನೂ ಸೇರಿಸಿದರು. ಅದು ಶುಕ್ರವಾರ. ಆ ವರ್ಷಕ್ಕೆ 367 ದಿನ.

ಹಳೆಯ ಸ್ವೀಡಿಷ್ ಕಾಗದಪತ್ರ ಓದುವವರು ಎಡವುವುದು ಇಲ್ಲೇ. 1700ರ ಮಾರ್ಚ್ 1ರಿಂದ 1712ರ ಫೆಬ್ರವರಿ 30ರವರೆಗಿನ ತಾರೀಖಿಗೆ 10 ದಿನ ಕೂಡಿಸಿದರೆ ಇಂದಿನ ಲೆಕ್ಕ ಸಿಗುತ್ತದೆ. 1 ಕಳೆದರೆ ಜೂಲಿಯನ್. ಅಲ್ಲಿಂದ 1753ರ ಫೆಬ್ರವರಿ 17ರವರೆಗೆ 11 ಕೂಡಿಸಬೇಕು. ಸ್ವೀಡನ್ ರಷ್ಯಾಕ್ಕೆ ಸೋತ ಪೊಲ್ಟಾವಾ ಕದನ 1709ರ ಜೂನ್ 28ರಂದು ನಡೆಯಿತೆಂದು ಸ್ವೀಡನ್ನಿನ ದಾಖಲೆ. 10 ಕೂಡಿಸಿದರೆ ಜುಲೈ 8, ಸರಿ. ಹದಿನೆಂಟನೇ ಶತಮಾನ ಎಂದಾಕ್ಷಣ ಕಣ್ಣು ಮುಚ್ಚಿ 11 ಕೂಡಿಸುವವರು ಜುಲೈ 9 ಎಂದು ಬರೆದುಬಿಡುತ್ತಾರೆ.

1753ರಲ್ಲಿ ಸ್ವೀಡನ್ ಫೆಬ್ರವರಿ 17ರ ಮರುದಿನವನ್ನೇ ಮಾರ್ಚ್ 1 ಮಾಡಿತು. ಅರ್ಧ ಶತಮಾನದ ಹಿಂದೆ ಡೆನ್ಮಾರ್ಕ್ ಮಾಡಿದ್ದೂ ಇದನ್ನೇ. ಈಸ್ಟರ್ ಹಬ್ಬದ ದಿನ ನಿಗದಿಗೆ ಮಾತ್ರ ಖಗೋಳ ಗಣಿತದ ಬೇರೆಯೇ ಲೆಕ್ಕ ಇಟ್ಟುಕೊಂಡಿತ್ತು; ಅದು ಸಾಲಿಗೆ ಬಂದದ್ದು 1844ರಲ್ಲಿ.