ಬೆಳ್ಳಿ ತಗಡಿನ ಮೇಲೆ ಉಳಿದ ಸಮುರಾಯ್ ದೊರೆ

ಹಳೇ ಫೋಟೋಗಳನ್ನ ಸರಿಮಾಡೋದೇ ನನ್ನ ಕೆಲಸ. ಡಾಗೆರೋಟೈಪ್ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ಮೊದ್ಲು ಹೇಳೋದು ಒಂದೇ, ಬಟ್ಟೆ ತಗೊಂಡು ಒರೆಸೋಕೆ ಹೋಗ್ಬೇಡಿ, ಚಿತ್ರಾನೇ ಅಳಿಸಿ ಹೋಗತ್ತೆ. ಯಾಕಂದ್ರೆ ಅದು ಕಾಗದ ಅಲ್ಲ, ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿಸ್ತಿದ್ದ ಹಳೇ ಕಾಲದ ಫೋಟೋ. ಅಂಥ ಒಂದು ತಗಡಿನ ಮೇಲೆ ಜಪಾನಿನ ಸತ್ಸುಮಾ ಸೀಮೆಯ ದೊರೆ ಶಿಮಾಜು ನಾರಿಯಾಕಿರಾ ಕೂತಿದಾರೆ. ಜಪಾನೀಯರೇ ತೆಗೆದು ಇವತ್ತಿಗೂ ಉಳಿದಿರೋ ಫೋಟೋಗಳಲ್ಲಿ ಇದೇ ತುಂಬ ಹಳೇದು, 1857ರದ್ದು.

ಇಂಥ ದೊರೆಗೆ ಅಲ್ಲಿ ದೈಮ್ಯೋ ಅಂತಿದ್ರು, ಶೋಗುನ್ ಅಂದ್ರೆ ದೇಶ ಆಳ್ತಿದ್ದ ಸೇನಾಧಿಪತಿಯ ಕೈಕೆಳಗಿನ ಸಾಮಂತ. ಕತ್ತಿ ಹಿರಿದು ಓಡಾಡ್ತಿದ್ದೋರು ಅನ್ಕೋಬೇಡಿ, ಆಗ್ಲೇ ಇನ್ನೂರು ವರ್ಷದಿಂದ ದೊಡ್ಡ ಯುದ್ಧಾನೇ ಇರ್ಲಿಲ್ಲ. ಒಂದು ವರ್ಷ ಸ್ವಂತ ಸೀಮೇಲಿ, ಇನ್ನೊಂದು ವರ್ಷ ಎಡೋದಲ್ಲಿ ಅಂದ್ರೆ ಈಗಿನ ಟೋಕಿಯೋದಲ್ಲಿ ಇರ್ಬೇಕಿತ್ತು, ಹೆಂಡತಿ ಮತ್ತೆ ಪಟ್ಟಕ್ಕೆ ಬರೋ ಮಗ ಮಾತ್ರ ಯಾವಾಗ್ಲೂ ಎಡೋದಲ್ಲೇ, ಒತ್ತೆಯಾಳುಗಳ ಥರ. ನಾರಿಯಾಕಿರಾ ಹುಟ್ಟಿ ಬೆಳೆದಿದ್ದೂ ಅಲ್ಲೇ. 1809ರಲ್ಲಿ ಹುಟ್ಟಿದೋರಿಗೆ ಪಟ್ಟ ಸಿಕ್ಕಿದ್ದು 1851ಕ್ಕೆ, ಅದೂ ಮನೆಯೊಳಗೆ ದಾಯಾದಿ ಜಗಳ ಆಗಿ, ಮಲತಮ್ಮನ ಪರ ಇದ್ದೋರ ಜೊತೆ ಗುದ್ದಾಡಿ.

ಆಮೇಲೆ ಸಿಕ್ಕಿದ್ದು ಬರೀ ಏಳು ವರ್ಷ. ಅಫೀಮು ಯುದ್ಧದಲ್ಲಿ ಚೀನಾ ಬ್ರಿಟಿಷರ ಕೈಲಿ ಹೆಂಗೆ ಸೋತಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಜಪಾನಿಗೂ ಹಂಗಾಗ್ಬಾರ್ದು ಅಂತ ಹಠ ಹಿಡಿದ್ರು. ಸತ್ಸುಮಾದ ರಾಜಧಾನಿ ಕಾಗೋಶಿಮಾದ ಇಸೋದಲ್ಲಿ ಶೂಸೇಕನ್ ಅನ್ನೋ ಕಾರ್ಖಾನೆಗಳನ್ನ ಕಟ್ಟಿಸಿದ್ರು, ಫಿರಂಗಿ ಎರಕ ಹೊಯ್ಯೋ ಕುಲುಮೆ, ಗಾಜು, ಹಡಗು, ಸುಮಾರು 1,200 ಜನ ಕೆಲಸಕ್ಕಿದ್ರಂತೆ.

ಅದೇ ಹಠ ಕ್ಯಾಮರಾ ಮೇಲೂ. 1848ರಲ್ಲಿ ನಾಗಸಾಕಿಗೆ ಬಂದ ಕ್ಯಾಮರಾನ ತಗೊಂಡು ತಮ್ಮ ಸಮುರಾಯ್‌ಗಳಿಗೇ ಕಲೀರಿ ಅಂತ ಕೊಟ್ರು. ಒಂದು ಒಳ್ಳೆ ಚಿತ್ರ ಬರೋಕೆ ಒಂಬತ್ತು ವರ್ಷ ಹಿಡೀತು ಅಂದ್ರೆ ನಂಗೆ ಆಶ್ಚರ್ಯ ಆಗಲ್ಲ. ತಗಡನ್ನ ಕನ್ನಡಿ ಹಂಗೆ ಉಜ್ಜಬೇಕು, ಅಯೋಡಿನ್ ಹಬೆ ಹಿಡಿಸ್ಬೇಕು, ಚಿತ್ರ ತೆಗೆದ್ಮೇಲೆ ಬಿಸಿ ಪಾದರಸದ ಹಬೆಗೆ ಹಿಡೀಬೇಕು, ಇದ್ರಲ್ಲಿ ಒಂದು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತಗಡು ಬರೀ ಮಬ್ಬು. ಕೊನೆಗೆ ಆ ಸಮುರಾಯ್‌ಗಳಲ್ಲೊಬ್ಬ ಇಚಿಕಿ ಶಿರೋ ಕೈಲಿ ಚಿತ್ರ ಮೂಡ್ತು. ಡಾಗೆರೋಟೈಪಲ್ಲಿ ಎಡ ಬಲ ಅದಲುಬದಲಾಗಿ ಕಾಣತ್ತೆ, ಆದ್ರೆ ಶಿಮಾಜು ಮನೆತನದ ಲಾಂಛನ ವೃತ್ತದೊಳಗಿನ ಕೂಡೋ ಗುರುತು (+), ಹೆಂಗೆ ತಿರುಗಿಸಿದ್ರೂ ಅದು ಹಂಗೇ.

ಮರುವರ್ಷಾನೇ ನಾರಿಯಾಕಿರಾ ತೀರ್ಕೊಂಡ್ರು. 1863ರಲ್ಲಿ ಬ್ರಿಟಿಷ್ ಹಡಗುಗಳ ದಾಳಿಗೆ ಶೂಸೇಕನ್ ಸುಟ್ಟು ಹೋಯ್ತು. ತಗಡು ಮಾತ್ರ ಗೋದಾಮಲ್ಲಿ ಬಿದ್ದಿತ್ತು, 1975ರಲ್ಲಿ ಸಿಕ್ತು.