ಬೆತ್ತದ ಕುರ್ಚಿಯ ತೂತುಗಳು

ಕಾಪುವಿನ ಕಡೆ ನಮ್ಮ ಚಿಕ್ಕಮ್ಮನ ಮನೆಯಿದೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಕೇಳಿಸುತ್ತದೆ. ಚಾವಡಿಯಲ್ಲಿ ಒಂದು ಹಳೆಯ ಬೆತ್ತದ ಆರಾಮಕುರ್ಚಿ, ಅದರ ಎದುರಿಗೆ ಐದಾರು ವರ್ಷದ ಹಿಂದೆ ತಂದ ರೆಕ್ಸಿನ್ ಹೊದಿಕೆಯ ಸೋಫಾ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಕೂಡಲೇ ಬೆತ್ತದ ಕುರ್ಚಿಗೆ ಪೈಪೋಟಿ. ಮೂರು ಜನ ಕೂರಬಹುದಾದ ಸೋಫಾ ಮಾತ್ರ ಖಾಲಿ. ತಿಳಿಯದೆ ಯಾರಾದರೂ ನೆಂಟರು ಅದರಲ್ಲಿ ಕೂತರೆ, ಹತ್ತು ನಿಮಿಷಕ್ಕೆಲ್ಲ ಬೆನ್ನಿಗಂಟಿದ ಅಂಗಿಯನ್ನು ಎಳೆದು ಬಿಡಿಸಿಕೊಳ್ಳುತ್ತ ಎದ್ದು ಜಗಲಿಗೆ ಹೋಗುತ್ತಾರೆ.

ಚಿಕ್ಕಂದಿನಲ್ಲಿ ಆ ಕುರ್ಚಿಯ ಹೆಣಿಗೆಗೆ ಬೆರಳು ತೂರಿಸಿ ಬೈಸಿಕೊಂಡವನು ನಾನು. ಎಂಟು ಮೂಲೆಯ ಪುಟ್ಟ ಪುಟ್ಟ ತೂತುಗಳು. ಕಡಲ ತಡಿಯ ಮನೆಯನ್ನು ಬೇಸಿಗೆಗೆ ಹೇಗೆ ಸಜ್ಜು ಮಾಡಬೇಕೆಂಬ ಭೌತಶಾಸ್ತ್ರದ ಮುಕ್ಕಾಲು ಪಾಲು ಆ ತೂತುಗಳಲ್ಲೇ ಇದೆಯೆಂದು ಹೊಳೆಯುವ ಹೊತ್ತಿಗೆ ನನ್ನ ತಲೆಗೂದಲು ನೆರೆತಿತ್ತು.

ಈಗ ನಮ್ಮ ಕರಾವಳಿಯಲ್ಲಿ ರಜಾದಿನದ ಮನೆ, ಹೋಮ್‌ಸ್ಟೇ ಕಟ್ಟುವವರು ಹೆಚ್ಚಾಗಿದ್ದಾರೆ. ಹಲವರ ಮೊಬೈಲಿನಲ್ಲಿ ಇರುವುದು ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಚಿತ್ರ: ಬಿಳಿ ಗೋಡೆ, ನೀಲಿ ಬಾಗಿಲು, ನೀಲಿ ದಿಂಬು, ಪುಟ್ಟ ಕಿಟಕಿ, ಚಪ್ಪಟೆ ಮಾಳಿಗೆ. ಕಣ್ಣಿಗೆ ಹಿತವಾದ ಚಿತ್ರ, ನನಗೂ ಇಷ್ಟ. ಆದರೆ ಆ ಮನೆಗಳು ಹುಟ್ಟಿದ್ದು ಬೇಸಿಗೆಯಲ್ಲಿ ಮಳೆಹನಿಯೇ ಅಪರೂಪವಾದ ಊರಿನಲ್ಲಿ. ಅಲ್ಲಿ ಚಪ್ಪಟೆ ಮಾಳಿಗೆ ಬೇಕಾದದ್ದು ಚಳಿಗಾಲದ ಅಷ್ಟಿಷ್ಟು ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳಲು. ಉಡುಪಿ, ಮಂಗಳೂರುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನೀರನ್ನು ಹಿಡಿಯುವ ಮಾಳಿಗೆ ಅಲ್ಲಿನದು, ನೀರನ್ನು ಸಾಗಹಾಕುವ ಇಳಿಜಾರು ಮಾಡು ನಮ್ಮದು.

ಬೇಸಿಗೆಯೂ ಬೇರೆ. ಘಟ್ಟದ ಮೇಲಿನವರು ಬಿಸಿಲು, ಧಗೆ, ಝಳ ಎನ್ನುತ್ತಾರೆ. ಘಟ್ಟದ ಕೆಳಗಿನವರು ಹೇಳುವುದು ಸೆಕೆ. ನೆರಳಲ್ಲಿ ಕೂತರೂ, ಸೂರ್ಯ ಮುಳುಗಿದ ಮೇಲೂ ಸೆಕೆ ಇರುತ್ತದೆ. ಥರ್ಮಾಮೀಟರ್ ನೋಡಿದರೆ 33 ಅಥವಾ 34 ಡಿಗ್ರಿ, ಅಷ್ಟೆ. ಕಲಬುರಗಿಯವರು ಅದನ್ನು ಬೇಸಿಗೆಯೆಂದು ಒಪ್ಪುವುದೇ ಇಲ್ಲ. ಆದರೂ ಅಲ್ಲಿಂದ ಬಂದವರು ಮೊದಲ ದಿನವೇ ಸೋತುಹೋಗುತ್ತಾರೆ.

ಲೆಕ್ಕ ಹೀಗಿದೆ. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖ ಹೊರಹಾಕುತ್ತಲೇ ಇರಬೇಕು. ಸುತ್ತಲಿನ ಗಾಳಿಯೂ ಚರ್ಮದಷ್ಟೇ ಬೆಚ್ಚಗಿದ್ದರೆ ಶಾಖಕ್ಕೆ ಉಳಿಯುವ ದಾರಿ ಒಂದೇ, ಬೆವರು ಆರುವುದು. ಒಂದು ಗ್ರಾಂ ಬೆವರು ಆರಿದರೆ ಸುಮಾರು 2,400 ಜೂಲ್ ಶಾಖ ಮೈಯಿಂದ ಹೋಗುತ್ತದೆ. ಗಂಟೆಗೆ 150 ಗ್ರಾಂ, ಅಂದರೆ ಒಂದು ಸಣ್ಣ ಲೋಟದಷ್ಟು ಬೆವರು ಆರಿದರೆ 100 ವಾಟೂ ಕಳೆದಂತೆ. ನೆನಪಿಡಬೇಕಾದದ್ದು, ಆರಬೇಕು ಎಂಬುದು. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ದೇಹದ ನೀರು, ಉಪ್ಪು ಎರಡೂ ಹೋದವು, ಶಾಖ ಮಾತ್ರ ಇದ್ದಲ್ಲೇ ಇದೆ.

ಕಲಬುರಗಿಯಲ್ಲಿ 42 ಡಿಗ್ರಿ ಇದ್ದು ಗಾಳಿಯ ತೇವ ಶೇಕಡಾ 20 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ (ನೀರು ಆರುವುದರಿಂದ ಎಷ್ಟು ತಂಪಾಗಬಹುದೆಂದು ತೋರಿಸುವಂಥದ್ದು) ಸುಮಾರು 24 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ, ಶೇಕಡಾ 70 ತೇವ ಇದ್ದರೆ ಅದು 29ಕ್ಕಿಂತ ಕೆಳಗೆ ಇಳಿಯದು. ಬಯಲುಸೀಮೆಯಲ್ಲಿ ಅದ್ಭುತವಾಗಿ ಕೆಲಸ ಮಾಡುವ ಒದ್ದೆ ಲಾವಂಚದ ಪರದೆ ಮತ್ತು ಕೂಲರನ್ನು ಕಡಲ ತಡಿಗೆ ತಂದರೆ ಸೆಕೆಗೆ ಇನ್ನಷ್ಟು ನೀರು ಸೇರಿಸಿದಂತೆ ಆಗುವುದು ಇದೇ ಕಾರಣಕ್ಕೆ. ಒಂದು ಊರಿನ ತಂಪು ಇನ್ನೊಂದು ಊರಿನಲ್ಲಿ ತಂಪಲ್ಲ.

ಈಗ ನನಗೆ ತುಂಬ ಪ್ರಿಯವಾದ ಸಂಗತಿಗೆ ಬರುತ್ತೇನೆ. ಗಾಳಿ ನಿಂತಾಗ ನಮ್ಮ ಚರ್ಮದ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಾಳಿಯ ಪದರವೊಂದು ಅಂಟಿಕೊಂಡಿರುತ್ತದೆ. ಬೆವರಿನ ಆವಿ ಮೊದಲು ಇದರೊಳಗೆ ಸೇರಬೇಕು. ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಮೊದಲ ಪಂಕ್ತಿಯವರು ಉಂಡು ಮುಗಿಸಿಯೂ ಎಲೆಯ ಮುಂದೆ ಹರಟುತ್ತ ಕೂತರೆ, ಹಸಿದವರು ಬಾಗಿಲಲ್ಲೇ ನಿಂತಿರಬೇಕು. ಒಳಗೆ ಅನ್ನಕ್ಕೆ ಕೊರತೆಯಿಲ್ಲ, ಹೊರಗೆ ಹಸಿವಿಗೂ ಕೊರತೆಯಿಲ್ಲ, ಜಾಗ ಖಾಲಿಯಾಗುತ್ತಿಲ್ಲ. ಮೈಗಂಟಿದ ಆ ಪದರವೂ ಆವಿಯನ್ನು ಉಂಡು ಏಳದೆ ಕೂತ ಪಂಕ್ತಿ. ಗಾಳಿ ಬೀಸಿದರೆ ಪಂಕ್ತಿ ಏಳುತ್ತದೆ, ಹೊಸಬರು ಕೂರುತ್ತಾರೆ. ಬಿಸಿ ಗಂಜಿಯ ಬಟ್ಟಲಿಗೆ ಬಾಯಿಂದ ಊದುತ್ತೇವಲ್ಲ, ಅದೂ ಇದೇ. ನಮ್ಮ ಉಸಿರೇನು ತಣ್ಣಗಿಲ್ಲ, ತೇವವಂತೂ ಭರ್ತಿ ಇದೆ. ಆದರೂ ಗಂಜಿ ಆರುತ್ತದೆ, ಏಕೆಂದರೆ ಬಟ್ಟಲಿನ ಮೇಲೆ ಕೂತಿದ್ದ ಆವಿಯನ್ನು ಪಕ್ಕಕ್ಕೆ ತಳ್ಳಿದ್ದೇವೆ. ಅಂಗಳದ ಹಗ್ಗದಲ್ಲಿ ಸೀರೆಯನ್ನು ಮಡಿಕೆ ಬಿಡಿಸಿ ಹರವುವ ಹೆಂಗಸರಿಗೆ ಈ ಪದರದ ಹೆಸರು ಗೊತ್ತಿಲ್ಲದಿರಬಹುದು, ವರ್ತನೆ ಚೆನ್ನಾಗಿ ಗೊತ್ತು.

ಹರಿಯುವ ಗಾಳಿ, ನೀರುಗಳ ವಿಷಯದಲ್ಲಿ ಇಂಥ ಅಂಚಿನ ಪದರವನ್ನು ಗಣಿತಕ್ಕೆ ತಂದವನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಅದನ್ನು ಮಂಡಿಸಿದ. ವಿಮಾನದ ರೆಕ್ಕೆಯ ಲೆಕ್ಕವೂ ಬೆತ್ತದ ಕುರ್ಚಿಯ ಲೆಕ್ಕವೂ ಅಲ್ಲಿಂದಲೇ ಹೊರಡುತ್ತವೆ ಎಂಬುದು ನನಗೆ ಇಂದಿಗೂ ರೋಮಾಂಚನದ ವಿಷಯ. ಅದಕ್ಕೆ ಎರಡು ವರ್ಷ ಮೊದಲು, 1902ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಹೊಸ ಯಂತ್ರವೊಂದನ್ನು ರೂಪಿಸಿದ್ದ. ಅಲ್ಲಿನ ತೊಂದರೆ ಕೆಲಸಗಾರರ ಸೆಕೆಯದಾಗಿರಲಿಲ್ಲ. ತೇವ ಹೀರಿದ ಕಾಗದ ಹಿಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ತಪ್ಪಿ ಬೀಳುತ್ತಿದ್ದವು. ಗಾಳಿಯ ತೇವವನ್ನು ಹದ್ದುಬಸ್ತಿನಲ್ಲಿಡಲು ಹುಟ್ಟಿದ ಆ ಯಂತ್ರವೇ ನಮ್ಮ ಎಸಿಯ ಅಜ್ಜ. ಇವತ್ತಿಗೂ ಎಸಿಯ ಕೊಳವೆಯಿಂದ ಬಕೆಟ್‌ಗಟ್ಟಲೆ ನೀರು ಇಳಿಯುವುದನ್ನು ಕರಾವಳಿಯ ಮನೆಗಳಲ್ಲಿ ನೋಡಬಹುದು.

ಫ್ಯಾನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಕೋಣೆ ತಣ್ಣಗಾಗಿರಲಿ ಎಂದು ಜನರಿಲ್ಲದಾಗಲೂ ಫ್ಯಾನ್ ಹಾಕಿಟ್ಟು ಹೋಗುತ್ತಾರೆ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಪಂಕ್ತಿಯನ್ನು ಎಬ್ಬಿಸುತ್ತದೆ. ಉಣ್ಣುವವರೇ ಇಲ್ಲದ ಮೇಲೆ ಅದರ ಮೋಟರು ಕೋಣೆಗೆ ತನ್ನ ಪಾಲಿನ ಬಿಸಿಯನ್ನು ಸೇರಿಸುತ್ತದೆ, ಬೇರೇನೂ ಆಗುವುದಿಲ್ಲ.

ಕುರ್ಚಿಗೆ ಮರಳೋಣ. ರೆಕ್ಸಿನ್ ಸೋಫಾದಲ್ಲಿ ಒರಗಿದರೆ ಬೆನ್ನು, ತೊಡೆಯ ಹಿಂಭಾಗ ಪೂರ್ತಿ ಮುಚ್ಚಿಹೋಗುತ್ತವೆ. ಕೆಳಗಿನ ಫೋಮು ಶಾಖವನ್ನು ದಾಟಗೊಡುವುದಿಲ್ಲ, ಮೇಲಿನ ರೆಕ್ಸಿನ್ ಆವಿಯನ್ನು ದಾಟಗೊಡುವುದಿಲ್ಲ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಬೆನ್ನಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಬೆತ್ತದ ಹೆಣಿಗೆಯಲ್ಲಿ ಬೆನ್ನಿಗೆ ತಾಗುವುದು ಸಪೂರ ಪಟ್ಟಿಗಳು ಮಾತ್ರ, ಉಳಿದಲ್ಲೆಲ್ಲ ಗಾಳಿ. ಹಗ್ಗದ ಮಂಚದ್ದೂ ಇದೇ ಗುಟ್ಟು. ನೆಲದ ಮೇಲೆ ಹಾಸಿದ ಚಾಪೆಗೆ ಇನ್ನೊಂದು ಲಾಭವೂ ಇದೆ: ಕೆಂಪು ರೆಡ್ ಆಕ್ಸೈಡ್ ನೆಲ ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ಆ ಎಳೆತವನ್ನು ಹದಕ್ಕೆ ತರುತ್ತದೆ.

ಇಷ್ಟಕ್ಕೂ ಗಾಳಿ ಎಲ್ಲಿಂದ? ಹಗಲು ನೆಲ ಬೇಗ ಕಾಯುತ್ತದೆ, ಸಮುದ್ರ ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಮೇಲೇರಿ, ಅದರ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ಕಡಲ್ಗಳ್ಳನಾಗಿದ್ದು ಆಮೇಲೆ ಬರಹಗಾರನಾದ ವಿಲಿಯಂ ಡ್ಯಾಂಪಿಯರ್ 1699ರಲ್ಲೇ ಈ ಗಾಳಿಯ ದಿನಚರಿಯನ್ನು ಬರೆದಿಟ್ಟಿದ್ದ: ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೆಲ್ಲಗೆ ಶುರುವಾಗಿ, ಮಧ್ಯಾಹ್ನ ಬಲ ಪಡೆದು, ಸಂಜೆ ಸೋಲುತ್ತದೆ ಎಂದು. ಹಾಯಿ ನಂಬಿ ಬದುಕಿದವನ ಕಣ್ಣು ಅದು.

ಕರಾವಳಿಯಲ್ಲಿ ಈ ಗಾಳಿ ಬರುವುದು ಪಡುವಣದಿಂದ. ಬಲ ಬರುವುದು ಮಧ್ಯಾಹ್ನದ ನಂತರ, ಸೂರ್ಯನೂ ಪಡುವಣಕ್ಕೆ ವಾಲಿ ಓರೆಯಾಗಿ ಮನೆಯೊಳಗೆ ಇಣುಕುವ ಹೊತ್ತಿನಲ್ಲೇ. ಬೇಕಾದದ್ದು, ಬೇಡದ್ದು ಎರಡೂ ಒಂದೇ ಬಾಗಿಲಿಗೆ ಬಂದು ನಿಂತಿವೆ. ಹಳೆಯ ಮನೆ ಕಟ್ಟಿದವರು ಇವೆರಡನ್ನು ಬೇರ್ಪಡಿಸಿದ ರೀತಿ ನೋಡಿ. ಬಿಸಿಲು ನೇರ ಗೆರೆಯಲ್ಲೇ ಬರಬೇಕು, ಗಾಳಿ ಬಳಸಿಕೊಂಡು ಬರಬಲ್ಲದು. ಆದ್ದರಿಂದ ತಲೆ ತಗ್ಗಿಸಿ ಒಳಗೆ ಬರುವಷ್ಟು ಕೆಳಗಿಳಿದ ಮಾಡು, ಅದರಡಿ ಅಗಲವಾದ ಜಗಲಿ, ಜಗಲಿಗೆ ಮರದ ಪಟ್ಟಿಗಳ ದಳಿ, ಬೇಸಿಗೆಯಲ್ಲಿ ತೆಂಗಿನ ಮಡಲಿನ ತಟ್ಟಿ, ಅಂಗಳಕ್ಕೆ ಚಪ್ಪರ. ಇವೆಲ್ಲ ಬಿಸಿಲಿಗೆ ಗೋಡೆ, ಗಾಳಿಗೆ ಜರಡಿ. ಬೆತ್ತದ ಕುರ್ಚಿಯನ್ನೇ ಮನೆಯಷ್ಟು ದೊಡ್ಡದು ಮಾಡಿದಂತೆ.

ಚಿಕ್ಕಮ್ಮನ ಮನೆಯಲ್ಲಿ ಎರಡು ಬೇಸಿಗೆ ಚಾವಡಿಯ ಪಡುವಣ ಕಿಟಕಿಗೆ ಹಲಗೆ ಹೊಡೆದಿತ್ತು. ವಾಸ್ತು ನೋಡಲು ಬಂದವರೊಬ್ಬರು ಆ ದಿಕ್ಕಿನ ಕಿಟಕಿಯಿಂದ ಮನೆಗೆ ಕೇಡು ಎಂದಿದ್ದರು. ನಾನು ಹೋದಾಗ ಚಿಕ್ಕಮ್ಮ ಸೆರಗಿನಿಂದ ಬೀಸಿಕೊಳ್ಳುತ್ತ, "ಎಂತ ಸೆಕೆ ಮಾರಾಯ, ಮೊದಲು ಹೀಗಿರಲಿಲ್ಲ" ಎಂದರು. ಎಪ್ಪತ್ತು ದಾಟಿದ ಜೀವ ಅದು. ವಯಸ್ಸಾದವರ ದೇಹಕ್ಕೆ ಶಾಖ ಹೊರಹಾಕುವುದು ಮೊದಲೇ ಕಷ್ಟ. ಹೇಳಿದವರು ಯಾವ ದಿಕ್ಕಿನಿಂದ ಗಾಳಿ ಬರುತ್ತದೆಂದು ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಿದ್ದರೂ ಸಾಕಿತ್ತು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಹಲಗೆ ಕೀಳಿಸಲು ಚಿಕ್ಕಮ್ಮನಿಗಿಂತ ಚಿಕ್ಕಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು.

ಮಾಡಿನ ಮಾತನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿ ಅದಕ್ಕೆ ಒದಗಿತು. ಒಂದರೊಳಗೊಂದು ಕೂರುವ ಈ ಹಂಚುಗಳ ಸಂದಿಯಿಂದ ಮಳೆ ಒಳಗೆ ಬರದು, ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತದೆ. ಹಂಚು ತೆಳು, ಬಿಸಿಲಿಗೆ ಬೇಗ ಕಾಯ್ದರೂ ಸಂಜೆಗೆ ಬೇಗ ಆರುತ್ತದೆ. ಮಧ್ಯಾಹ್ನದ ಕಾವು ತಲೆಗೆ ತಾಗದಂತೆ ನಡುವೆ ಹಲಗೆಯ ಮುಚ್ಚಿಗೆ. ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಹಾಸಿಗೆಯ ಮೇಲೆ ಅದನ್ನು ಇಳಿಸುತ್ತದೆ. ರಾತ್ರಿ ಚಳಿಯಾಗುವ ಮರುಭೂಮಿಯಲ್ಲಿ ಅದು ವರ. ರಾತ್ರಿಯೂ 25 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುವ ಏಪ್ರಿಲ್ಲಿನ ಕರಾವಳಿಯಲ್ಲಿ ನಿದ್ದೆಗೇಡು.

ನೀಲಿ ಬಣ್ಣ? ಮನೆಯ ಹೊರಗೋಡೆ ಬಿಳಿಯಾಗಿದ್ದರೆ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಅದು ನಿಜ. ಒಳಗೋಡೆಗೂ ನಮ್ಮ ಮೈಗೂ ನಡುವೆ ಹಾದಾಡುವ ಶಾಖಕಿರಣಗಳ ತರಂಗದೂರ ಮಾತ್ರ ಸುಮಾರು 10 ಮೈಕ್ರೋಮೀಟರ್, ಕಣ್ಣಿಗೆ ಕಾಣದ ಅವಕೆಂಪು. ಆ ಬೆಳಕಿನಲ್ಲಿ ನೋಡಬಲ್ಲ ಕಣ್ಣು ನಮಗಿದ್ದರೆ ನೀಲಿ ಗೋಡೆ, ಬಿಳಿ ಗೋಡೆ, ಕಾವಿ ಗೋಡೆ ಮೂರೂ ಒಂದೇ ತೆರನಾಗಿ ಕಾಣುತ್ತಿದ್ದವು. ಒಳಗೆ ಯಾವ ಬಣ್ಣವಾದರೂ ಇಷ್ಟವಿದ್ದದ್ದನ್ನು ಬಳಿಯಿರಿ.

ಬಳಿಯುವುದಾದರೆ ಸುಣ್ಣ ಬಳಿಯಿರಿ ಎಂಬುದು ನನ್ನ ಆಸೆ. ಕಡಲ ಚಿಪ್ಪನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಮರಳಿ ಪಡೆದು ಮತ್ತೆ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಚಿಪ್ಪು ಆಗಿದ್ದದ್ದೂ ಅದೇ. ಗಾಜಿನ ಬಟ್ಟಲಲ್ಲಿ ಚಿಪ್ಪು ತುಂಬಿಸಿ ಮೇಜಿನ ಮೇಲಿಡುವವರ ಅಜ್ಜಂದಿರು ಇಡೀ ಗೋಡೆಯನ್ನೇ ಚಿಪ್ಪು ಮಾಡಿಕೊಂಡಿದ್ದರು. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಹಿಡಿಯುವುದಿಲ್ಲ, ಸುಣ್ಣದ ಪದರ ತೇವವನ್ನು ಒಳಗೂ ಹೊರಗೂ ಬಿಡುತ್ತದೆ. ಪ್ಲಾಸ್ಟಿಕ್ ಪೇಂಟಿನ ಹಿಂದೆ ಸಿಕ್ಕಿಬಿದ್ದ ಕಡಲ ಉಪ್ಪು ಮಾತ್ರ ಹರಳುಗಟ್ಟಿ ಪೇಂಟನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ.

ಕಿಟಕಿ ತೆರೆದ ಆ ಬೇಸಿಗೆಯಲ್ಲಿ ನಾನು ಒಂದು ವಾರ ಅಲ್ಲೇ ಇದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಪರದೆ ಇಳಿಬಿದ್ದಿರುತ್ತಿತ್ತು. ಹನ್ನೊಂದರ ಹೊತ್ತಿಗೆ ಒಳಮುಖವಾಗಿ ಉಬ್ಬುತ್ತಿತ್ತು, ಊಟದ ಹೊತ್ತಿಗೆ ಹಾರುತ್ತಿತ್ತು. ರಾತ್ರಿ ನೆಲ ಆರಿ ಸಮುದ್ರ ಬೆಚ್ಚಗೆ ಉಳಿದಾಗ ಗಾಳಿ ತಿರುಗುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿಗೆ ಕಡಲಿಗಿಳಿಯುತ್ತಿದ್ದದ್ದು ಈ ನೆಲಗಾಳಿಯನ್ನು ಹಿಡಿದು, ಮಧ್ಯಾಹ್ನ ಮರಳುತ್ತಿದ್ದದ್ದು ಕಡಲಗಾಳಿಯನ್ನು ಹಿಡಿದು. ಚಿಕ್ಕಮ್ಮ ಹಗಲು ಚಾವಡಿಯಲ್ಲಿ ಹಾಸಿದ್ದ ಚಾಪೆಯನ್ನು ರಾತ್ರಿ ಸುರುಳಿ ಸುತ್ತಿ ಒಯ್ದು, ಮೂಡಣ ಕಿಟಕಿಯ ಕೆಳಗೆ ಹಾಸುತ್ತಿದ್ದರು.